ಆಟದ ಅಂಕೆ

ಆಟವೂ ಕಾಳಗವೂ ಒಂದೇ ಬೇರಿನಿಂದ ಚಿಗುರಿದ ಎರಡು ಕೊಂಬೆಗಳು. ಎರಡರಲ್ಲಿಯೂ ಎದುರಾಳಿಯುಂಟು, ಗೆಲ್ಲಬೇಕೆಂಬ ಹಟವುಂಟು, ಸೋತಾಗ ಉರಿಯುವ ಮನಸ್ಸುಂಟು. ಭೇದವಿರುವುದು ಒಂದರಲ್ಲಿ ಮಾತ್ರ: ಎದುರಾಳಿ ನಾಳೆಯೂ ಬಂದು ನಮ್ಮೊಡನೆ ಆಡಬೇಕೆಂಬ ಆಸೆ ಆಟಕ್ಕಿದೆ, ಕಾಳಗಕ್ಕಿಲ್ಲ. ಆ ಆಸೆಯ ಹೆಸರೇ ನಿಯಮ. ಅದನ್ನು ಮುರಿದು ಕೈಯೆತ್ತಿದವನು ಎಷ್ಟೇ ನಿಪುಣನಾಗಿರಲಿ, ಆ ಕ್ಷಣದಿಂದ ಆಟಗಾರನಾಗಿ ಉಳಿಯುವುದಿಲ್ಲ.

ಇಷ್ಟು ಸರಳವಾದ ಮಾತನ್ನು ಮತ್ತೆ ಹೇಳಬೇಕಾಗಿರುವುದಕ್ಕೆ ಕಾರಣವುಂಟು. ಅನೇಕ ವರ್ಷಗಳಿಂದ ಪಾಠ ಹೇಳುತ್ತ ಬಂದಿರುವ ನಾನು, ಮೈದಾನದಲ್ಲಿ ಹೊಡೆದಾಡಿ ಬಂದ ಹುಡುಗರಿಂದ ಕೇಳಿರುವ ಸಮಾಧಾನ ಒಂದೇ: “ಅವನೇ ಮೊದಲು ಹೊಡೆದ, ಸಾರ್.” ಈ ಒಂದು ವಾಕ್ಯದಿಂದ ತನ್ನ ಏಟು ಏಟಲ್ಲವೆಂದು ಹುಡುಗನು ನಂಬುತ್ತಾನೆ. ಹುಡುಗನಷ್ಟೇ ಏಕೆ? ತಂದೆಯೂ ನಂಬುತ್ತಾನೆ, ಸುತ್ತ ನಿಂತು ಕೂಗಿದವರೂ ನಂಬುತ್ತಾರೆ. ಮೊದಲ ಏಟು ಅಪರಾಧ, ಎರಡನೆಯ ಏಟು ಪೌರುಷ ಎಂಬ ಈ ಲೆಕ್ಕವನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ನಮ್ಮ ಭಾರತದ ಕಥೆಯಲ್ಲಿಯೇ ಈ ಪ್ರಶ್ನೆ ಬಂದಿದೆ. ಗದಾಯುದ್ಧದಲ್ಲಿ ನಾಭಿಯಿಂದ ಕೆಳಗೆ ಹೊಡೆಯಲಾಗದೆಂಬುದು ನಿಯಮ. ಭೀಮನು ಕೌರವನ ತೊಡೆಯನ್ನು ಮುರಿದನು. ಅವನಿಗೆ ಕಾರಣವಿರಲಿಲ್ಲವೆ? ತುಂಬಿದ ಸಭೆಯಲ್ಲಿ ದ್ರೌಪದಿಗಾದ ಅವಮಾನವಿದ್ದಿತು, ವನವಾಸದ ದುಃಖವಿದ್ದಿತು, ತಾನು ಮಾಡಿದ ಪ್ರತಿಜ್ಞೆಯಿದ್ದಿತು. ಕೇಳುವವರ ಮನಸ್ಸೆಲ್ಲ ಭೀಮನ ಕಡೆಗೇ ವಾಲುತ್ತದೆ. ಆದರೂ ಇಬ್ಬರಿಗೂ ಗದೆಯನ್ನು ಕಲಿಸಿದ ಬಲರಾಮನು ಕೆರಳಿ ನೇಗಿಲೆತ್ತಿ ನಿಂತನು. ಗುರುವಿಗೆ ಪ್ರತಿಜ್ಞೆಯ ಲೆಕ್ಕ ಬೇಕಾಗಿರಲಿಲ್ಲ. ಏಟು ಎಲ್ಲಿ ಬಿದ್ದಿತೆಂಬುದಷ್ಟೇ ಬೇಕಾಗಿದ್ದಿತು. ಸೇಡಿಗೆ ಕಾರಣವಿರಬಹುದು, ಆದರೆ ಕಾರಣವಿದ್ದ ಮಾತ್ರಕ್ಕೆ ಏಟು ಧರ್ಮವಾಗುವುದಿಲ್ಲ ಎಂಬ ಅರಿವನ್ನು ಕಥೆ ಬಲರಾಮನ ಕೋಪದಲ್ಲಿ ಉಳಿಸಿಕೊಂಡಿದೆ.

ಕಾದಾಟವನ್ನೇ ಕಲೆಯಾಗಿಸಿದ ಮೈಸೂರಿನ ಜಟ್ಟಿಗಳ ಸಂಪ್ರದಾಯವನ್ನೂ ಇಲ್ಲಿ ನೆನೆಯಬಹುದು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ಮೊದಲ ರಕ್ತ ಕಾಣಿಸಿಕೊಂಡೊಡನೆ ಕಾಳಗವು ಮುಗಿದಂತೆ. ಪೆಟ್ಟು ತಿಂದವನಿಗೆ ಪ್ರತೀಕಾರದ ಸರದಿ ಇಲ್ಲ. ನಮ್ಮವರು ಉಗ್ರತೆಯನ್ನು ಒಲ್ಲೆನ್ನಲಿಲ್ಲ. ಅದಕ್ಕೊಂದು ಕೊನೆಯ ಗೆರೆಯನ್ನು ಎಳೆದರು.

ಈ ಗೆರೆ ಇಲ್ಲದೆಡೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಬೇಸ್‌ಬಾಲ್ ಆಟ ನಿದರ್ಶನ. ನಮ್ಮವನಿಗೆ ನೀವು ಚೆಂಡಿನಿಂದ ಹೊಡೆದರೆ ನಿಮ್ಮವನಿಗೆ ನಾವು ಹೊಡೆಯುತ್ತೇವೆ ಎಂಬ, ಬರೆದಿಡದ ಒಂದು ಕಟ್ಟಳೆ ಅಲ್ಲಿ ಬಹುಕಾಲ ನಡೆದುಬಂದಿತು. ಆ ಚೆಂಡು ಆಟಿಕೆಯಲ್ಲ. 1920ರಲ್ಲಿ ರೇ ಚಾಪ್‌ಮನ್ ಎಂಬ ಆಟಗಾರನು ತಲೆಗೆ ಚೆಂಡು ಬಡಿದು ತೀರಿಕೊಂಡಿದ್ದನು. 1965ರ ಆಗಸ್ಟ್ 22ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜೈಂಟ್ಸ್ ಮತ್ತು ಡಾಡ್ಜರ್ಸ್ ತಂಡಗಳು ಎದುರಾದುವು. ಜೈಂಟ್ಸ್ ತಂಡದ ಹ್ವಾನ್ ಮರಿಚಾಲ್ ಎದುರಾಳಿಗಳ ಮೈಸಮೀಪಕ್ಕೆ ಚೆಂಡೆಸೆದನು. ಆ ಕಡೆಯವರು ಇವನ ಸಂಗಡಿಗನ ತಲೆಯ ಮೇಲೆ ಹಾಯುವಂತೆ ಎಸೆದರು. ಮರಿಚಾಲ್ ದಾಂಡು ಹಿಡಿದು ನಿಂತಾಗ, ಬೆನ್ನ ಹಿಂದೆ ಚೆಂಡು ಹಿಡಿಯುತ್ತಿದ್ದ ಜಾನ್ ರೋಸ್‌ಬರೋ ಅದನ್ನು ಹಿಂದಿರುಗಿಸುವ ನೆಪದಲ್ಲಿ ಅವನ ಕಿವಿಯ ಪಕ್ಕದಲ್ಲಿಯೇ ಹಾಯಿಸಿದನು. ಮಾತಿಗೆ ಮಾತು ಬೆಳೆದು, ಮರಿಚಾಲ್ ದಾಂಡಿನಿಂದಲೇ ರೋಸ್‌ಬರೋನ ತಲೆಗೆ ಹೊಡೆದನು. ಹದಿನಾಲ್ಕು ಹೊಲಿಗೆ ಬಿದ್ದುವು. ಎರಡೂ ತಂಡದವರು ಮೈದಾನಕ್ಕೆ ನುಗ್ಗಿದರು. ಈ ಸರಪಣಿಯಲ್ಲಿ ಮೊದಲ ಕೊಂಡಿ ಯಾವುದು? ಪ್ರತಿಯೊಬ್ಬನೂ ತನ್ನದು ಎರಡನೆಯ ಏಟೆಂದೇ ಹೇಳಬಲ್ಲನು. ಸೇಡಿನ ಸ್ವಭಾವವೇ ಅದು: ಅಲ್ಲಿ ಮೊದಲು ಹೊಡೆದವನೆಂಬುವನು ಯಾರೂ ಇರುವುದಿಲ್ಲ.

ನಮ್ಮ ದೇಶದಲ್ಲಿಯೂ ಇಂಥದು ನಡೆಯಿತು. 1991ರ ಜನವರಿಯಲ್ಲಿ ಜಮ್‌ಷೆಡ್‌ಪುರದಲ್ಲಿ ದುಲೀಪ್ ಟ್ರೋಫಿಯ ಅಂತಿಮ ಪಂದ್ಯ. ಕೊನೆಯ ದಿನ ಪಶ್ಚಿಮ ವಲಯದ ಬೌಲರ್ ರಷೀದ್ ಪಟೇಲ್, ಉತ್ತರ ವಲಯದ ರಮಣ್ ಲಾಂಬಾನ ಮೈಗೆ ಗುರಿಯಿಟ್ಟು ಚೆಂಡೆಸೆದುದಲ್ಲದೆ, ಸ್ಟಂಪನ್ನು ಕಿತ್ತುಕೊಂಡು ಅವನ ಮೇಲೇರಿ ಹೋದನು. ಲಾಂಬಾ ತನ್ನ ಬ್ಯಾಟನ್ನು ಅಡ್ಡ ಹಿಡಿದನು. ಆಟಗಾರರ ಉನ್ಮಾದ ಪ್ರೇಕ್ಷಕರಿಗೆ ಹರಡಿತು, ಕಲ್ಲುಗಳು ತೂರಿಬಂದುವು, ಆಟ ನಿಂತಿತು. ಮಂಡಳಿಯು ಪಟೇಲ್‌ಗೆ 13 ತಿಂಗಳು, ಲಾಂಬಾಗೆ 10 ತಿಂಗಳು ಆಟದಿಂದ ನಿಷೇಧ ವಿಧಿಸಿತು. ಶಿಕ್ಷೆ ಇಬ್ಬರಿಗೂ ಆಯಿತು, ಸಮನಾಗಿ ಆಗಲಿಲ್ಲ ಎಂಬುದನ್ನು ಗಮನಿಸಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕಾಗುತ್ತದೆ. ಕೆಣಕಿದವನು ನಗುತ್ತ ಪಾರಾಗಿ, ಕೆರಳಿದವನು ಮಾತ್ರ ಸಿಕ್ಕಿಬೀಳುವುದು ನ್ಯಾಯವೆ? ನ್ಯಾಯವಲ್ಲ. 2006ರ ಜುಲೈ 9ರಂದು ಬರ್ಲಿನ್ನಿನಲ್ಲಿ ನಡೆದ ವಿಶ್ವ ಫುಟ್‌ಬಾಲ್ ಅಂತಿಮ ಪಂದ್ಯದಲ್ಲಿ ಫ್ರಾನ್ಸಿನ ಜಿದಾನ್ ಇಟಲಿಯ ಮಾಟೆರಾಜಿಯ ಎದೆಗೆ ತಲೆಯಿಂದ ಗುದ್ದಿ ಕೆಂಪು ಕಾರ್ಡು ಪಡೆದನು. ಅಷ್ಟಕ್ಕೇ ವಿಷಯ ಮುಗಿಯಲಿಲ್ಲ. ಗುದ್ದಿದವನಿಗೆ ಮೂರು ಪಂದ್ಯಗಳ ನಿಷೇಧವಾದರೆ, ಮಾತಿನಿಂದ ಕೆಣಕಿದವನಿಗೂ ಎರಡು ಪಂದ್ಯಗಳ ನಿಷೇಧವಾಯಿತು. ಮಾತೂ ಒಂದು ಏಟೆಂಬುದನ್ನು ಶಿಕ್ಷೆ ಕೊಟ್ಟವರು ಒಪ್ಪಿಕೊಂಡರು. ನ್ಯಾಯ ಸಿಗುವುದಿಲ್ಲವೆಂದು ತಿಳಿದಲ್ಲಿ ಜನರು ತಮ್ಮ ಕೈಯನ್ನೇ ನ್ಯಾಯಾಲಯ ಮಾಡಿಕೊಳ್ಳುತ್ತಾರೆ. ಆದುದರಿಂದ ಸೇಡನ್ನು ಖಂಡಿಸುವವರು, ಸೇಡು ಬೇಡವಾಗುವಂತೆ ತೀರ್ಪು ಕೊಡುವ ಹೊಣೆಯನ್ನೂ ಹೊರಬೇಕು.

ಇನ್ನು ಕೆರಳಿದವನಿಗೆ ಬೇರೆ ದಾರಿಯೇ ಇಲ್ಲವೆ? ಉಂಟು, ಅದನ್ನು ನಮ್ಮ ಕನ್ನಡಿಗನೊಬ್ಬನೇ ತೋರಿಸಿದನು. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಆಮೀರ್ ಸೊಹೇಲ್, ವೆಂಕಟೇಶ್ ಪ್ರಸಾದರ ಚೆಂಡನ್ನು ಬೌಂಡರಿಗೆ ಅಟ್ಟಿ, ಮುಂದಿನದೂ ಅಲ್ಲಿಗೇ ಎಂಬಂತೆ ಬ್ಯಾಟು ತೋರಿಸಿದನು. ಮುಂದಿನ ಚೆಂಡು ಅವನ ಆಫ್ ಸ್ಟಂಪನ್ನು ಉರುಳಿಸಿತು. ಆಮೇಲೆ ಪ್ರಸಾದರ ಬಾಯಿಂದ ಹೊರಟ ಮಾತುಗಳು ಅನುಕರಣೀಯವಲ್ಲ; ಆದರೆ ಆ ಚೆಂಡು ಅನುಕರಣೀಯ. ಅವಮಾನಕ್ಕೆ ಆಟದೊಳಗೇ ಉತ್ತರವಿತ್ತು. ಸ್ಟಂಪು ಉರುಳಿತು, ತಲೆಯಲ್ಲ.

ಹಿರಿಯರೂ ತಮ್ಮ ಪಾಲನ್ನು ನೋಡಿಕೊಳ್ಳಬೇಕು. 2023ರ ಜೂನ್ 21ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತವು ಪಾಕಿಸ್ತಾನವನ್ನು ಫುಟ್‌ಬಾಲಿನಲ್ಲಿ 4-0 ಗೋಲುಗಳಿಂದ ಸೋಲಿಸಿತು. ಸುನಿಲ್ ಛೇತ್ರಿ ಮೂರು ಗೋಲು ಹೊಡೆದರು. ಇಂಥ ಸಂತೋಷದ ದಿನ ಗದ್ದಲವೆದ್ದುದು, ಗೆರೆಯ ಹೊರಗೆ ನಿಂತಿದ್ದ ಭಾರತದ ತರಬೇತುದಾರ ಇಗೋರ್ ಸ್ಟಿಮಾಚ್ ಎದುರಾಳಿಯ ಕೈಯಿಂದ ಚೆಂಡನ್ನು ತಳ್ಳಿ ಕೆಂಪು ಕಾರ್ಡು ಪಡೆದುದರಿಂದ. ಕೆಲವೇ ದಿನಗಳಲ್ಲಿ ಕುವೈತಿನ ವಿರುದ್ಧದ ಪಂದ್ಯದಲ್ಲಿ ಅವರಿಗೆ ಮತ್ತೊಮ್ಮೆ ಕೆಂಪು ಕಾರ್ಡಾಯಿತು. ಕಲಿಸುವವನು ಕೈ ಚಾಚಿದರೆ ಕಲಿಯುವವನು ಕೈ ಮಡಿಸಿ ನಿಲ್ಲುವನೆ?

ನಾನಿರುವ ಊರಿಗಾಮಿನ ಮಾತನ್ನು ಈಗ ಹೇಳುತ್ತೇನೆ. ಅಂಕೆಯೆಂದರೇನೆಂಬುದನ್ನು ಚಿನ್ನದ ಗಣಿಯ ಜನರಿಗೆ ಹೊರಗಿನವರು ಕಲಿಸಬೇಕಾದುದಿಲ್ಲ. ಗಂಟೆಯ ಸಂಜ್ಞೆಯಿಲ್ಲದೆ ಶಾಫ್ಟಿನಲ್ಲಿ ಕೇಜು ಅಲುಗುತ್ತಿರಲಿಲ್ಲ. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿಯುವ ಭಯದ ನಡುವೆ ದುಡಿಯುವವನಿಗೆ, ಪಕ್ಕದವನು ತಮಿಳನೋ ತೆಲುಗನೋ ಕನ್ನಡಿಗನೋ ಎಂಬುದಕ್ಕಿಂತ, ಅವನು ನಿಯಮ ಪಾಲಿಸುವವನೋ ಅಲ್ಲವೋ ಎಂಬುದು ಮುಖ್ಯ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಪ್ಪಂದಿರು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಈ ಊರಿನಲ್ಲಿ, ಸೈನೈಡ್ ದಿಬ್ಬಗಳ ನೆರಳಿನ ಮೈದಾನಗಳು ಹುಡುಗರ ಪಾಲಿಗೆ ಉಳಿದಿರುವ ಕೆಲವೇ ಸ್ವತ್ತುಗಳಲ್ಲಿ ಒಂದು. ಅಲ್ಲಿ ಒಂದು ಹೊಡೆದಾಟವಾದರೆ ನಷ್ಟ ಹೊಡೆದಾಡಿದ ಇಬ್ಬರದಲ್ಲ. ಜಗಳ ಬೀದಿಗೆ ಬಂದೊಡನೆ ಅದಕ್ಕೆ ಈ ಲೈನು, ಆ ಲೈನು, ಈ ಭಾಷೆ, ಆ ಭಾಷೆ ಎಂಬ ಹೆಸರು ಅಂಟಿಕೊಳ್ಳುತ್ತದೆ. ಹೆದರಿದ ಹಿರಿಯರು ಮುಂದಿನ ವರ್ಷ ಪಂದ್ಯಾವಳಿಯನ್ನೇ ಕೈಬಿಡುತ್ತಾರೆ. ಕೈಯೆತ್ತದ ಇಪ್ಪತ್ತು ಹುಡುಗರು ಮನೆಯಲ್ಲಿ ಕೂರುತ್ತಾರೆ.

ಆದುದರಿಂದ ಪಂದ್ಯ ನಡೆಸುವವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಪಂದ್ಯಾವಳಿಯನ್ನು ಶಿಕ್ಷಿಸಬೇಡಿ, ತಪ್ಪಿತಸ್ಥನನ್ನು ಶಿಕ್ಷಿಸಿ. ಹಾಕಿಯಲ್ಲಿ ಹಸಿರು ಕಾರ್ಡಿಗೆ ಎರಡು ನಿಮಿಷ, ಹಳದಿಗೆ ಕನಿಷ್ಠ ಐದು ನಿಮಿಷ ಹೊರಗೆ ಕೂರಿಸುವ ಪದ್ಧತಿಯುಂಟು. ಸಣ್ಣ ತಪ್ಪಿಗೆ ಆಗಲೇ ಸಣ್ಣ ಶಿಕ್ಷೆಯಾದರೆ ದೊಡ್ಡ ತಪ್ಪಿಗೆ ಅವಕಾಶ ಕಡಿಮೆ. ಕ್ರಿಕೆಟ್ಟಿನ ನಿಯಮಾವಳಿಗೂ 2017ರಲ್ಲಿ ಆಟಗಾರನನ್ನು ಹೊರಗೆ ಕಳುಹಿಸುವ ಅಧಿಕಾರ ಸೇರಿತು. ಕೆಣಕಿದವನನ್ನೂ ಕರೆದು ವಿಚಾರಿಸಿ, ಶಿಕ್ಷೆಯನ್ನು ತೂಗಿ ಕೊಡಿ. ನಮ್ಮ ತಂಡದವನೆಂದು ಯಾರನ್ನೂ ಮರೆಮಾಡಬೇಡಿ. ಮತ್ತು ಶಿಕ್ಷೆಯ ಅವಧಿ ಮುಗಿದ ದಿನ ಆ ಹುಡುಗನನ್ನು ಮರಳಿ ಕರೆಯಿರಿ.

ಕೊನೆಯ ಮಾತು ಮುಖ್ಯವಾದುದು. ಮರಿಚಾಲ್‌ಗೆ ಅಂದು ದಂಡವೂ ಕೆಲವು ದಿನಗಳ ನಿಷೇಧವೂ ಆದುವು. ವರ್ಷಗಳು ಕಳೆದ ಮೇಲೆ, ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಅವನ ಹೆಸರು ಬಂದಾಗ, ಹಳೆಯ ಅಪರಾಧವನ್ನು ಅದಕ್ಕೆ ಅಡ್ಡಿಯಾಗಿಸಬೇಡಿರೆಂದು ಕೇಳಿಕೊಂಡವನು ಅದೇ ರೋಸ್‌ಬರೋ. 1983ರಲ್ಲಿ ಮರಿಚಾಲ್‌ಗೆ ಆ ಗೌರವ ದೊರೆಯಿತು. 2002ರಲ್ಲಿ ರೋಸ್‌ಬರೋ ತೀರಿಕೊಂಡಾಗ ಅವನ ಶವಯಾತ್ರೆಯಲ್ಲಿ ಹೆಗಲು ಕೊಡುವ ಗೌರವಕ್ಕೆ ಆಯ್ದವರಲ್ಲಿ ಮರಿಚಾಲ್ ಒಬ್ಬನಾಗಿದ್ದನು. ಆ ಇಬ್ಬರೂ ಹಳೆಯ ಲೆಕ್ಕವನ್ನು ಸಮ ಮಾಡಲು ಹೊರಡಲಿಲ್ಲ, ಅದನ್ನು ಮುಚ್ಚಿದರು.