ಅರ್ಜಿ ಬರೆಯುವವರ ಪುನರಾಗಮನ

ಮಲ್ಲೇಶ್ವರಕ್ಕೆ ಹೊಸದಾಗಿ ಬಂದವನು ಎಂಟನೆಯ ಅಡ್ಡರಸ್ತೆಯಲ್ಲಿ ನಿಂತು, ಹದಿನೈದನೆಯದು ಎಷ್ಟು ದೂರವೆಂದು ಯಾರನ್ನೂ ಕೇಳಬೇಕಾಗಿಲ್ಲ. ಇನ್ನು ಏಳು ಅಡ್ಡರಸ್ತೆಗಳಷ್ಟು ನಡೆಯಬೇಕೆಂಬುದನ್ನು ರಸ್ತೆಯ ಹೆಸರೇ ಹೇಳುತ್ತದೆ. ಸಂಪಿಗೆ ರಸ್ತೆಯೂ ಮಾರ್ಗೋಸಾ ರಸ್ತೆಯೂ ಜೊತೆಜೊತೆಯಾಗಿ ಸಾಗುತ್ತವೆ. ಅಡ್ಡರಸ್ತೆಗಳು ಕ್ರಮಸಂಖ್ಯೆಯಂತೆ ಅವುಗಳನ್ನು ಹಾಯುತ್ತವೆ. 1898ರ ಪ್ಲೇಗಿನ ದುರ್ದಿನಗಳಲ್ಲಿ ಬೆಳೆದ ಈ ಬಡಾವಣೆಯನ್ನು ಯೋಜಿಸಿದವರು ಅಲ್ಲಿಯ ನಿವಾಸಿಯನ್ನು ಮಾತ್ರವಲ್ಲದೆ, ಎಂದೋ ಒಂದು ದಿನ ದಾರಿ ಹುಡುಕಿಕೊಂಡು ಬರುವ ಅಪರಿಚಿತನನ್ನೂ ನೆನೆದಿದ್ದರೆಂದು ತೋರುತ್ತದೆ.

ಇಂದು ನಾವು ದಾರಿ ಹುಡುಕಬೇಕಾದ ಊರು ಬೇರೆ. ಪಿಂಚಣಿ, ವಿದ್ಯುತ್ತಿನ ಹಣ, ಮನೆಯ ಕಂದಾಯ, ಆಸ್ಪತ್ರೆಯ ಸರದಿ ಇವೆಲ್ಲವೂ ಜಾಲತಾಣಗಳಲ್ಲಿ, ಅಂಗೈಯಗಲದ ಫೋನಿನ ಆ್ಯಪ್‌ಗಳಲ್ಲಿ ಸೇರಿಕೊಂಡಿವೆ. ಈ ಊರಿನ ರಸ್ತೆಗಳನ್ನು ಹಾಕಿದವರು ಅಪರಿಚಿತನನ್ನು ನೆನೆದಿರುವರೇ?

ಬಸವನಗುಡಿಯಲ್ಲಿ ನಮ್ಮ ನೆರೆಯವರೊಬ್ಬರು ಮೂವತ್ತು ವರ್ಷ ಕನ್ನಡ ವ್ಯಾಕರಣ ಬೋಧಿಸಿ ನಿವೃತ್ತರಾದ ಉಪಾಧ್ಯಾಯರು. ಅವರು ಒಂದು ಕಛೇರಿಯ ಅರ್ಜಿಯನ್ನು ಫೋನಿನಲ್ಲಿ ತುಂಬುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ. 'ಕೊನೆಯ ಹೆಸರು' ಯಾವುದೆಂದು ಅದು ಕೇಳಿತು. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ತನ್ನ ಹೆಸರು ಎಂಬ ಪದ್ಧತಿಯಲ್ಲಿ ಬೆಳೆದವರಿಗೆ ಕೊನೆಯ ಹೆಸರೆಲ್ಲಿಯದು? ಇನಿಷಿಯಲಿನ ಚುಕ್ಕೆಯನ್ನು ಅರ್ಜಿಯು ಒಪ್ಪಲಿಲ್ಲ, ಏಕೆಂದೂ ಹೇಳಲಿಲ್ಲ. ಅವರು ಕನ್ನಡಕ ಒರೆಸಿಕೊಂಡು ವಿಳಾಸ ಬರೆಯುವಷ್ಟರಲ್ಲಿ ಅವಧಿ ಮುಗಿಯಿತೆಂಬ ಸೂಚನೆ ಬಂದು, ಬರೆದುದೆಲ್ಲ ಅಳಿಸಿಹೋಯಿತು. ಮೇಷ್ಟರು ನನ್ನತ್ತ ನೋಡಿ, "ನನಗೆ ಬುದ್ಧಿ ಸಾಲದು" ಎಂದರು.

ಆ ಮಾತು ನನ್ನನ್ನು ಇಂದಿಗೂ ಕಾಡುತ್ತಿದೆ. ತಪ್ಪು ಮಾಡಿದ್ದು ಅರ್ಜಿ. ತಲೆ ತಗ್ಗಿಸಿದವರು ಮೇಷ್ಟರು. ಮರುದಿನ ಅವರು ಮೂಲೆಯ ಅಂಗಡಿಗೆ ಹೋಗಿ, ಐವತ್ತು ರೂಪಾಯಿ ತೆತ್ತು, ಫೋನಿಗೆ ಬಂದ ಗುಪ್ತಸಂಖ್ಯೆಯನ್ನು ಹೆಸರು ತಿಳಿಯದ ಹುಡುಗನಿಗೆ ಹೇಳಿ ಕೆಲಸ ಮುಗಿಸಿಕೊಂಡು ಬಂದರು. ಆ ಸಂಖ್ಯೆಯನ್ನು ಯಾರಿಗೂ ಹೇಳಬೇಡಿರೆಂದು ಬ್ಯಾಂಕುಗಳು ದಿನವೂ ಎಚ್ಚರಿಸುತ್ತಿವೆ. ಹೇಳದೆ ವಿಧಿಯಿಲ್ಲದಂತೆ ಅರ್ಜಿಗಳು ರಚಿತವಾಗುತ್ತಿವೆ! ಹಿಂದೆ ತಾಲ್ಲೂಕು ಕಛೇರಿಯ ಮುಂದೆ ಮರದ ಕೆಳಗೆ ಅರ್ಜಿ ಬರೆದುಕೊಡುವವರು ಕೂರುತ್ತಿದ್ದರು. ಓದು ಬಾರದವರಿಗೆ ಅವರು ಆಸರೆಯಾಗಿದ್ದರು. ಈಗ ಓದು ಬಲ್ಲವನೂ, ಓದು ಕಲಿಸಿದವನೂ ಅವರ ಮುಂದೆ ನಿಲ್ಲಬೇಕಾಗಿದೆ. ಮಧ್ಯವರ್ತಿಯನ್ನು ತೊಲಗಿಸುವೆವೆಂದು ಹೊರಟ ಯಂತ್ರವು ಹೊಸ ಮಧ್ಯವರ್ತಿಯನ್ನು ಸೃಷ್ಟಿಸಿದೆ.

ಕನ್ನಡದ ವಿಷಯದಲ್ಲಿ ಈ ಅನಾದರ ಇನ್ನೂ ಹೆಚ್ಚು. ಮೊದಲು ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಟ್ಟಿ, ಕಡೆಯಲ್ಲಿ ಕನ್ನಡವನ್ನು ಅಂಟಿಸುವುದೇ ರೂಢಿ. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಸಾಲಿನಲ್ಲಿ ನಮ್ಮ ಒತ್ತಕ್ಷರಗಳ ಕಾಲು ತುಂಡಾಗುತ್ತದೆ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ; ಯೂನಿಕೋಡಿನ ಲೆಕ್ಕದಲ್ಲಿ ಆರು ಸಂಕೇತಗಳು. ಇಪ್ಪತ್ತು ಸಂಕೇತ ಮೀರಬಾರದೆಂದು ಕಟ್ಟಳೆ ಹಾಕಿದವನಿಗೆ ಇದು ತಿಳಿಯದಿದ್ದರೆ ಕನ್ನಡದ ಹೆಸರು ನಡುವಿನಲ್ಲೇ ಕಡಿದುಹೋಗುತ್ತದೆ. ಇನ್ನು ಬಿಳಿಯ ಮೇಲೆ ನಸುಬೂದಿ ಬಣ್ಣದ ಅಕ್ಷರಗಳ ಸೊಬಗು! ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸವಿರಬೇಕೆಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರಲ್ಲಿಯೇ ಸೂತ್ರ ಕೊಟ್ಟಿದೆ. ಸೂತ್ರಕ್ಕೆ ಕೊರತೆಯಿಲ್ಲ, ಕೊರತೆ ಕಾಳಜಿಗೆ.

ಕನ್ನಡಕ್ಕೆ ಒಗ್ಗುವ ವಿನ್ಯಾಸ ಅಸಾಧ್ಯವೆಂಬ ಮಾತನ್ನು ನಾನು ಒಪ್ಪಲಾರೆ. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಆಕಾರಗಳನ್ನು ಬಿಡಿಬಿಡಿಯಾಗಿ ಜೋಡಿಸಬೇಕಾಗಿತ್ತು. ಕೆ.ಪಿ. ರಾವ್ ಅವರು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ನುಡಿದ ಕ್ರಮದಲ್ಲಿ ಕೀಲಿಗಳನ್ನು ಒತ್ತಿದರೆ ಸಾಕು, ಅಕ್ಷರವನ್ನು ಕೂಡಿಸುವ ಶ್ರಮ ಯಂತ್ರದ್ದು. ಇಂಗ್ಲಿಷಿನ ಕೀಲಿಮಣೆಯಲ್ಲಿಯೇ ಕನ್ನಡದ ವರ್ಣಮಾಲೆ ಹಿಡಿಸಿತು. ಕರ್ನಾಟಕ ಸರ್ಕಾರ ಈ ವಿನ್ಯಾಸವನ್ನು ಅಂಗೀಕರಿಸಿತು. ನಮ್ಮ ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಅದು ಕಛೇರಿಗಳಿಗೂ ಶಾಲೆಗಳಿಗೂ ತಲಪಿತು. ಕಷ್ಟವನ್ನು ಮನುಷ್ಯನ ಹೆಗಲಿನಿಂದಿಳಿಸಿ ಯಂತ್ರದ ಮೇಲೆ ಹೊರಿಸುವುದೇ ಒಳ್ಳೆಯ ವಿನ್ಯಾಸದ ಮರ್ಮ. ಮೇಷ್ಟರ ಅರ್ಜಿಯಲ್ಲಿ ನಡೆದುದು ಇದಕ್ಕೆ ತದ್ವಿರುದ್ಧ.

"ಮುದುಕರಿಗೆ ಮಾತ್ರ ತೊಂದರೆ, ಕಾಲಕ್ರಮದಲ್ಲಿ ಸರಿಹೋಗುತ್ತದೆ" ಎಂದು ಕೆಲವು ಇಂಜಿನಿಯರುಗಳು ಹೇಳುವುದುಂಟು. ಕಾಲಕ್ರಮದಲ್ಲಿ ಸರಿಹೋಗುವುದು ಮುದುಕರ ಸಂಖ್ಯೆ ಮಾತ್ರ. ಇಂದಿನ ತರುಣರೇ ನಾಳೆ ಆ ಸ್ಥಾನಕ್ಕೆ ಬರುವರು. ಅಲ್ಲದೆ ಇದು ಮುಪ್ಪಿನ ಪ್ರಶ್ನೆಯೊಂದೇ ಅಲ್ಲ. ಗುರುತು ಸ್ಥಾಪಿಸಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ವಿಧಿಯು ಆ್ಯಸಿಡ್ ದಾಳಿಗೆ ತುತ್ತಾದವರನ್ನೂ ಅಂಧರನ್ನೂ ಹೊರಗಿಟ್ಟಿತ್ತು. ಅವರು ಮೊರೆಹೊಕ್ಕಾಗ ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು, ಡಿಜಿಟಲ್ ಸೌಲಭ್ಯವನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿತು. ಆದುದರಿಂದ ಸುಲಭ ವಿನ್ಯಾಸವೆಂಬುದು ಅಲಂಕಾರವಲ್ಲ, ಔದಾರ್ಯವೂ ಅಲ್ಲ, ಸಲ್ಲತಕ್ಕ ಋಣ.

ಪರಿಹಾರ ದುಬಾರಿಯದೇನೂ ಅಲ್ಲ. ದೋಷಗಳಲ್ಲಿ ಬಹುಪಾಲನ್ನು ಕಂಡುಕೊಳ್ಳಲು ಐದು ಮಂದಿ ಬಳಕೆದಾರರನ್ನು ಗಮನಿಸಿದರೆ ಸಾಕೆಂದು ಈ ಶಾಸ್ತ್ರದ ಪರಿಣತರಾದ ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದರು. ಆ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ, ಇರಲಿ. ಒಬ್ಬರನ್ನೂ ಗಮನಿಸದೆ ಬಿಡುಗಡೆ ಮಾಡುವುದಕ್ಕಿಂತ ಐವರು ಮೇಲಲ್ಲವೇ? ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಉಪಾಧ್ಯಾಯರಲ್ಲಿ ನನ್ನದೊಂದು ಸಲಹೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ರಚಿಸಿದ ಆ್ಯಪನ್ನು ಹಿಡಿದು ಗಾಂಧಿ ಬಜಾರಿಗೆ ಬರಲಿ. ಹೂ ಮಾರುವಾಕೆ, ನಿವೃತ್ತ ಗುಮಾಸ್ತ, ಪ್ರೌಢಶಾಲೆಯ ಹುಡುಗಿ ಮೊದಲಾದ ಐವರ ಕೈಗೆ ಅದನ್ನು ಕೊಡಲಿ. ಆಮೇಲೆ ಬಾಯಿ ಮುಚ್ಚಿ ಪಕ್ಕದಲ್ಲಿ ಕುಳಿತಿರಲಿ. ಎಲ್ಲಿ ಅವರ ಬೆರಳು ತಡೆಯುವುದೋ ಅಲ್ಲಿ ತನ್ನ ತಪ್ಪಿದೆಯೆಂದು ಬರೆದುಕೊಳ್ಳಲಿ. ಅಂಕಗಳನ್ನು ಆ ಪಟ್ಟಿಗೂ ಅದರ ತಿದ್ದುಪಡಿಗೂ ಕೊಡೋಣ.

ನಮ್ಮ ಮೇಷ್ಟರು ಆ ಐವರಲ್ಲೊಬ್ಬರಾಗಲು ಸಿದ್ಧರಿದ್ದಾರೆ. ತಪ್ಪು ತಿದ್ದುವುದು ಅವರಿಗೆ ಹಳೆಯ ಅಭ್ಯಾಸ.