ಒಂದು ಕಟ್ಟೆಪುರಾಣ

ನಮ್ಮ ಕಡೆಯ ಊರುಗಳಲ್ಲಿ ಅಗಸೆಯ ಬಳಿ ಒಂದು ಕಟ್ಟೆಯಿರುತ್ತದೆ. ಕಟ್ಟೆಗೊಂದು ಬೇವಿನ ಮರ, ಮರದ ನೆರಳಿಗೆ ನಾಲ್ಕಾರು ಮಂದಿ ಹಿರಿಯರು, ಹಿರಿಯರ ಬಾಯಿಗೆ ಲೋಕದ ಸುದ್ದಿ. ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಿನಲ್ಲಿ ಇಷ್ಟೂ ಇಲ್ಲದ ಊರನ್ನು ನಾನು ಕಂಡುದು ಅಪರೂಪ. ಅಲ್ಲಿ ಕುಳಿತವರು ರಷ್ಯದ ಅಧ್ಯಕ್ಷರಿಗೆ ಬುದ್ಧಿ ಹೇಳುತ್ತಾರೆ. ಅಮೆರಿಕದ ಅಧ್ಯಕ್ಷರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಮನೆಯಿಂದ ಊಟಕ್ಕೆ ಕರೆ ಬಂದೊಡನೆ ಲೋಕವನ್ನು ಇದ್ದಲ್ಲಿಯೇ ಬಿಟ್ಟು, ಟವೆಲು ಕೊಡವಿ, ಎದ್ದು ಹೋಗುತ್ತಾರೆ. ವಿದ್ಯಾವಂತರು ಇದನ್ನು ಕಟ್ಟೆಪುರಾಣವೆಂದು ಹಗುರಾಗಿ ಕರೆಯುವುದುಂಟು. ನಾನೂ ಬಹುಕಾಲ ಹಾಗೆಯೇ ಕರೆದವನು. ಈಚೆಗೆ ಮೂರು ಚಲನಚಿತ್ರಗಳನ್ನು ನೋಡಿದ ಮೇಲೆ, ಅದು ಅಷ್ಟು ಹಗುರಾದ ವಸ್ತುವಲ್ಲವೆಂದು ತೋರತೊಡಗಿದೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಪಂಪ ರನ್ನರ ವಿಷಯದಲ್ಲಿ ನಾನೇನಾದರೂ ಹೇಳಿದರೆ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಲೋಕದ ರಾಜಕಾರಣದ ವಿಷಯದಲ್ಲಿ ಹೇಳಿದರೆ ಮುಗುಳ್ನಗುತ್ತಾರೆ. ನನ್ನ ಶ್ರೀಮತಿಯವರಂತೂ ಮುಗುಳ್ನಗುವ ಸೌಜನ್ಯವನ್ನೂ ತೋರುವುದಿಲ್ಲ. “ಯುದ್ಧ ಆಮ್ಯಾಲೆ ನಿಲ್ಲಸ್ರಿ, ಮೊದಲು ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಬರ್ರಿ” ಎನ್ನುತ್ತಾರೆ. ಆದುದರಿಂದ ಮುಂದೆ ಬರುವ ಅಭಿಪ್ರಾಯಗಳು ಪರಿಣತನವಲ್ಲ. ಸಿನೆಮಾ ನೋಡಿ, ಪತ್ರಿಕೆ ಓದಿ, ಶಹಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿದಾಗ ಯೋಚಿಸುವ ಒಬ್ಬ ಸಾಮಾನ್ಯನವು ಎಂದು ವಾಚಕರು ಭಾವಿಸಬೇಕು.

ಮೊದಲನೆಯ ಚಿತ್ರ ಜರ್ಮನ್ ಭಾಷೆಯದು. ರೆಮಾರ್ಕನು 1929ರಲ್ಲಿ ಪ್ರಕಟಿಸಿದ, ಪಶ್ಚಿಮ ರಣರಂಗದ ಕಥೆಯನ್ನು ಹೇಳುವ ಪ್ರಸಿದ್ಧ ಕಾದಂಬರಿಯನ್ನು ಆಧರಿಸಿ ಎಡ್ವರ್ಡ್ ಬರ್ಗರ್ ಎಂಬ ನಿರ್ದೇಶಕರು 2022ರಲ್ಲಿ ತೆಗೆದುದು. ಆ ಕಾದಂಬರಿಯನ್ನು ನಾಜಿಗಳು 1933ರಲ್ಲಿ ಬೆಂಕಿಗೆ ಹಾಕಿದರು. ಪುಸ್ತಕವೊಂದಕ್ಕೆ ದೊರೆಯಬಹುದಾದ ಪ್ರಶಸ್ತಿಗಳಲ್ಲಿ ಅದೂ ಒಂದು. ಚಿತ್ರದ ಆರಂಭವನ್ನು ಮರೆಯಲು ನನಗೆ ಸಾಧ್ಯವಾಗಿಲ್ಲ. ರಣರಂಗದಲ್ಲಿ ಒಬ್ಬ ಸೈನಿಕ ಸಾಯುತ್ತಾನೆ. ಹೆಣದ ಮೈಮೇಲಿನ ಸಮವಸ್ತ್ರವನ್ನು ಬಿಚ್ಚುತ್ತಾರೆ, ರಕ್ತ ಹೋಗುವಂತೆ ಒಗೆಯುತ್ತಾರೆ, ಗುಂಡು ಹೊಕ್ಕ ತೂತುಗಳನ್ನು ಹೆಂಗಸರು ಸಾಲಾಗಿ ಕುಳಿತು ಹೊಲಿಯುತ್ತಾರೆ. ಅನಂತರ ಅದನ್ನೇ, ಶಾಲೆಯ ಬೆಂಚಿನಿಂದ ಹುರುಪಿನಲ್ಲಿ ಎದ್ದು ಬಂದ ಹುಡುಗನೊಬ್ಬನಿಗೆ ಕೊಡುತ್ತಾರೆ. ಕೊರಳಪಟ್ಟಿಯಲ್ಲಿ ಬೇರೆ ಯಾರದೋ ಹೆಸರಿದೆಯಲ್ಲ ಎಂದು ಅವನು ಕೇಳುತ್ತಾನೆ. ಅಧಿಕಾರಿ ಆ ಚೀಟಿಯನ್ನು ಹರಿದು ಕೆಳಗೆ ಬಿಸುಡುತ್ತಾನೆ.

ಇದನ್ನು ನೋಡುವಾಗ ನನಗೆ ನೆನಪಾದುದು ಜರ್ಮನಿಯಲ್ಲ, ನಮ್ಮ ಪಕ್ಕದ ಜಿಲ್ಲೆ. 2024ರ ಫೆಬ್ರವರಿಯ ಪತ್ರಿಕೆಗಳನ್ನು ವಾಚಕರು ನೆನೆಯಬಹುದು. ಕಲಬುರಗಿ ಜಿಲ್ಲೆಯ ಕೆಲವು ತರುಣರೂ, ನಮ್ಮ ಗಡಿಗೆ ಹೊಂದಿಕೊಂಡ ತೆಲಂಗಾಣದ ನಾರಾಯಣಪೇಟೆಯ ಕಡೆಯವನೊಬ್ಬನೂ, ದಲ್ಲಾಳಿಗಳ ಮಾತು ನಂಬಿ ಕೆಲಸಕ್ಕೆಂದು ರಷ್ಯಕ್ಕೆ ಹೋಗಿ ಉಕ್ರೇನಿನ ರಣರಂಗಕ್ಕೆ ತಳ್ಳಲ್ಪಟ್ಟಿದ್ದರು. ಅವರು ಮನೆ ಸೇರಿದುದು ಆ ವರ್ಷದ ಸೆಪ್ಟೆಂಬರಿನಲ್ಲಿ. ಎಲ್ಲರಿಗೂ ಆ ಭಾಗ್ಯವಿರಲಿಲ್ಲ; ಹಾಗೆಯೇ ಹೋದ ಗುಜರಾತಿನ ಹುಡುಗನೊಬ್ಬ ಅಲ್ಲಿಯೇ ತೀರಿಕೊಂಡನು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಆ ಸುದ್ದಿ ಬರುವುದಕ್ಕೆ ಕೆಲವು ತಿಂಗಳು ಮುಂಚೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದನು. ಬಿ.ಎ. ಮುಗಿಸಿ ಮೂರು ವರ್ಷ ಕೆಲಸಕ್ಕಾಗಿ ಅಲೆದವನು. ಅಣ್ಣ ಅತ್ತಿಗೆಯರು ಪ್ರತಿವರ್ಷ ಸುಗ್ಗಿ ಮುಗಿದೊಡನೆ ಬೆಂಗಳೂರಿಗೆ ಗುಳೆ ಹೋಗುವವರು. ಚಹಾ ಕುಡಿದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, “ಸರ, ರಶ್ಯಾ ದೇಶ ಹ್ಯಾಂಗದರಿ?” ಎಂದು ಕೇಳಿದನು. ಸಾಹಿತ್ಯದ ಮೇಷ್ಟರಿಗೆ ಇಂಥ ಪ್ರಶ್ನೆ ಬಂದರೆ ಆಗುವ ಸಂತೋಷವನ್ನು ವಾಚಕರು ಊಹಿಸಬಲ್ಲರು. ನಾನು ಅರ್ಧ ಗಂಟೆ ಮಾತನಾಡಿದೆನು. ಟಾಲ್‌ಸ್ಟಾಯ್ ಬಂದನು, ದಾಸ್ತೊಯೆವ್‌ಸ್ಕಿ ಬಂದನು, ಚೆಕಾವ್ ಬಂದನು; ಹಿಮ ಸುರಿಯಿತು; ಬರ್ಚ್ ಮರಗಳು ಸಾಲುಗಟ್ಟಿ ನಿಂತವು. ಹುಡುಗ ವಿನಯದಿಂದ ಕೇಳಿಸಿಕೊಂಡು, ನಮಸ್ಕಾರ ಹೇಳಿ ಹೋದನು. ಅವನ ಜೇಬಿನಲ್ಲಿ ಒಬ್ಬ ದಲ್ಲಾಳಿಯ ಫೋನ್ ನಂಬರು ಇದ್ದಿತೆಂಬುದು ನನಗೆ ತಿಳಿದುದು ಬಹಳ ದಿನಗಳ ಮೇಲೆ. ಅವನು ಹೋಗಲಿಲ್ಲ. ಆದರೆ ತಡೆದವನು ನಾನಲ್ಲ. ದಲ್ಲಾಳಿಗೆ ಕೊಡಬೇಕಾದ ಹಣಕ್ಕಾಗಿ ಎರಡು ಎಕರೆ ಹೊಲವನ್ನು ಒತ್ತೆಯಿಡಲು, ಸಹಿ ಮಾಡಲೂ ಬಾರದ ಅವನ ತಾಯಿ ಒಪ್ಪಲಿಲ್ಲ. “ಯುದ್ಧ ನಡದ ಊರಾಗ ಯಾವ ದುಡಿಮೀನೋ ಯಪ್ಪಾ?” ಎಂದು ಆಕೆ ಕೇಳಿದಳಂತೆ. ಆ ತಾಯಿ ಕಟ್ಟೆಯ ಬಳಿ ನೀರು ಹೊತ್ತು ಹೋಗುವಾಗ ಕಿವಿಗೆ ಬಿದ್ದ ಮಾತುಗಳಲ್ಲಿ ಉಕ್ರೇನಿನ ಯುದ್ಧವೂ ಒಂದಾಗಿದ್ದಿತು. ನಾನು ಅದೇ ಯುದ್ಧದ ವಿಷಯವನ್ನು ಪ್ರತಿದಿನ ಎರಡು ಪತ್ರಿಕೆಗಳಲ್ಲಿ ಓದುತ್ತಿದ್ದವನು. ಆಕೆಗೆ ಹೊಳೆದ ಪ್ರಶ್ನೆ ನನಗೆ ಹೊಳೆಯದೆ ಹೋಯಿತು.

ಎರಡನೆಯ ಚಿತ್ರ ‘ಆಪನ್‌ಹೈಮರ್’. 2023ರಲ್ಲಿ ಬಂದು, ಮರುವರ್ಷ ಏಳು ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಕ್ರಿಸ್ಟಫರ್ ನೋಲನ್ನರ ಈ ಚಿತ್ರವನ್ನು ದಸರಾ ರಜೆಗೆ ಬಂದ ಸೋದರಳಿಯನ ಕೃಪೆಯಿಂದ ಮನೆಯಲ್ಲಿಯೇ ನೋಡಿದೆನು. ಮೂರು ಗಂಟೆಯ ಚಿತ್ರ. 1945ರ ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಅಣುಬಾಂಬನ್ನು ಸಿಡಿಸಿದ ಕ್ಷಣದಲ್ಲಿ, ಬೆಳಕು ಮೊದಲು ಬಂದು ಸದ್ದು ಎಷ್ಟೋ ಹೊತ್ತಿನ ಮೇಲೆ ಬರುವ ಆ ನಿಶ್ಶಬ್ದವನ್ನು ನಿರ್ದೇಶಕರು ಹಿಡಿದಿರುವ ಬಗೆಗೆ ನಾನು ತಲೆಬಾಗಿದ್ದೇನೆ. ಗೀತೆಯ ಶ್ಲೋಕ ಒಬ್ಬ ವಿಜ್ಞಾನಿಯ ಬಾಯಲ್ಲಿ ಬಂದಿತೆಂದು ಹಿಗ್ಗುವವರ ಗುಂಪಿಗೆ ಮಾತ್ರ ನಾನು ಸೇರಲಾರೆ. ಕೊಲ್ಲುವ ಮೊದಲು ಅರ್ಜುನನಿಗೆ ಬಂದ ನಡುಕ ಈ ಮಹನೀಯರಿಗೆ ಕೊಂದ ಬಳಿಕ ಬಂದಿತು ಎಂಬುದನ್ನು ಮರೆಯುವಂತಿಲ್ಲ.

ಹಿರೋಷಿಮಾ ಚಿತ್ರದಲ್ಲಿ ಕಾಣುವುದಿಲ್ಲವೆಂದು ಅನೇಕರು ಆಕ್ಷೇಪಿಸಿದ್ದಾರೆ. ನಾಯಕನ ಕಣ್ಣಿಗೆ ಬೀಳದುದನ್ನು ತೋರಿಸೆನು ಎಂಬುದು ನಿರ್ದೇಶಕರ ನಿಯಮವಾದರೆ ಅದನ್ನು ಒಪ್ಪಬಹುದು. ನನ್ನನ್ನು ಕಾಡಿದುದು ಒಂದು ಗಾಜಿನ ಬೋಗುಣಿ. ಬಾಂಬಿಗೆ ಬೇಕಾದ ಯುರೇನಿಯಂ, ಪ್ಲುಟೋನಿಯಂಗಳು ಎಷ್ಟೆಷ್ಟು ಸಿದ್ಧವಾದವೆಂಬುದನ್ನು ಸೂಚಿಸಲು ಆಪನ್‌ಹೈಮರ್ ಗಾಜಿನ ಪಾತ್ರೆಗಳಿಗೆ ಗೋಲಿಗಳನ್ನು ಹಾಕುತ್ತ ಹೋಗುತ್ತಾನೆ. ಒಂದೊಂದೇ ಗೋಲಿ ಟಣ್ಣೆಂದು ಬೀಳುತ್ತದೆ. ಆ ಗೋಲಿಗಳು ಎಲ್ಲಿಂದ ಬಂದವು? ಹಿರೋಷಿಮಾದ ಬಾಂಬಿಗೆ ಬೇಕಾದ ಅದಿರಿನ ಬಹುಪಾಲು ಬಂದುದು ಅಂದು ಬೆಲ್ಜಿಯಮ್ಮಿನ ಅಧೀನದಲ್ಲಿದ್ದ ಕಾಂಗೋ ದೇಶದ ಶಿಂಕೊಲೊಬ್ವೆ ಗಣಿಯಿಂದ. ಅದನ್ನು ಅಗೆದ ಕಪ್ಪು ಕೈಗಳಲ್ಲಿ ಒಂದಾದರೂ ಮೂರು ಗಂಟೆಯ ಚಿತ್ರದಲ್ಲಿ ಒಂದು ಕ್ಷಣವಾದರೂ ಕಾಣುವುದಿಲ್ಲ.

ಈ ಮಾತು ನಮಗೆ ದೂರದ್ದಲ್ಲ. ಶಹಾಪುರಕ್ಕೆ ಸಮೀಪದ ಗೋಗಿಯ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಬಿಜಾಪುರದ ಆದಿಲಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫನು ಮಣ್ಣಾದುದು ಬಿಜಾಪುರದಲ್ಲಲ್ಲ, ಗೋಗಿಯ ದರ್ಗಾದ ಆವರಣದಲ್ಲಿ. ಅದೇ ಗೋಗಿಯ ನೆಲದಡಿಯಲ್ಲಿ ಯುರೇನಿಯಂ ಇರುವುದನ್ನು ಪರಮಾಣು ಖನಿಜ ಇಲಾಖೆಯವರು ಕೊರೆದು ಕಂಡುಕೊಂಡರು. ಪರಿಶೋಧನೆಗೆಂದು ಸುರಂಗ ತೋಡಿದ ದಿನಗಳಲ್ಲಿ ಸುತ್ತಿನ ಹಳ್ಳಿಯವರು ನೀರು ಕೆಟ್ಟೀತು, ಹೊಲ ಹೋದೀತು ಎಂದು ಪ್ರತಿಭಟಿಸಿದರು. ಚಿತ್ರದ ವಿಷಯವನ್ನು ನಾನು ತರಗತಿಯಲ್ಲಿ ಪ್ರಸ್ತಾಪಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ, ಆ ಗೋಲಿ ನಮ್ಮೂರ ಮಣ್ಣಾಗೂ ಅದಾವಂತರಿ. ನಾವೂ ಆ ಸಿನೆಮಾದಾಗ ಬರ್ತೀವೇನ್ರಿ?” ಎಂದಳು. ತರಗತಿ ನಕ್ಕಿತು. ನಾನು ನಗಲಾರದೆ ಹೋದೆನು.

ಯುರೇನಿಯಂ ಎಂದೊಡನೆ ಬಾಂಬು ಎಂದು ಬೆಚ್ಚುವುದು ವಿವೇಕವಲ್ಲ. ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರ ವಿದ್ಯುತ್ತನ್ನು ಉತ್ಪಾದಿಸುವುದು ಯುರೇನಿಯಂನಿಂದಲೇ. ಈ ಲೇಖನವನ್ನು ನಾನು ಬರೆಯುತ್ತಿರುವ ದೀಪಕ್ಕೆ ಅದರ ಪಾಲೂ ಇದ್ದೀತು. ಗಣಿ ಬೇಕೆ ಬೇಡವೆ ಎಂಬುದನ್ನು ನಿರ್ಣಯಿಸುವ ವಿದ್ಯೆ ನನಗಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಆ ಹುಡುಗಿಯ ಊರಿನ ಬಾವಿಯ ನೀರಿಗೆ ಏನಾದೀತೆಂಬುದನ್ನು, ಆಕೆಗೆ ತಿಳಿಯುವ ಕನ್ನಡದಲ್ಲಿ, ಅದಿರನ್ನು ತೆಗೆಯುವ ಮೊದಲೇ, ಬಲ್ಲವರು ಹೇಳಬೇಕು. ಆಕೆ ಕೇಳುವ ಪ್ರಶ್ನೆಗೆ ಉತ್ತರ ಕೊಡುವಷ್ಟು ಹೊತ್ತು ಕಟ್ಟೆಯ ಮೇಲೆ ಕುಳಿತುಕೊಳ್ಳಬೇಕು. ಕಾಂಗೋದಲ್ಲಿ ಹಾಗೆ ಕುಳಿತವರಿರಲಿಲ್ಲ.

ಲೋಕದ ವ್ಯವಹಾರ ನಮಗೇಕೆ ಎನ್ನುವವರಿಗೆ ನಾನು ಹೇಳುವುದುಂಟು: ನಾವೇ ಒಮ್ಮೆ ಲೋಕದ ವ್ಯವಹಾರವಾಗಿದ್ದೆವು. 1948ರಲ್ಲಿ ನಿಜಾಮ ಸರಕಾರವು ಭಾರತದ ವಿರುದ್ಧ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಹೊಕ್ಕಿತು, 16ರಂದು ಪ್ಯಾರಿಸ್ಸಿನಲ್ಲಿ ಸೇರಿದ ಭದ್ರತಾ ಮಂಡಳಿ ‘ಹೈದರಾಬಾದಿನ ಪ್ರಶ್ನೆ’ಯನ್ನು ಕೈಗೆತ್ತಿಕೊಂಡಿತು, 17ರಂದು ನಿಜಾಮರು ಸೋಲೊಪ್ಪಿದರು. ಆ ‘ಪ್ರಶ್ನೆ’ಯೊಳಗೆ ಸುರಪುರವಿದ್ದಿತು, ಶಹಾಪುರವಿದ್ದಿತು, ರಜಾಕಾರರಿಗೆ ಹೆದರಿ ಪಾತ್ರೆಪಗಡಗಳನ್ನು ಹಿತ್ತಲಲ್ಲಿ ಹೂತಿಟ್ಟು, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಜಾಪುರದ ಸೀಮೆಗೆ ಓಡಿದ ನನ್ನ ಅಜ್ಜಿಯಿದ್ದಳು. ಆ ಬಳಿಕ ನಡೆದ ಹಿಂಸೆಯಲ್ಲಿ ಏನೂ ಅರಿಯದ ಮುಸಲ್ಮಾನ ಕುಟುಂಬಗಳೂ ಇದೇ ಕಲಬುರಗಿ ಸೀಮೆಯಲ್ಲಿ ಮನೆ ಮಠ ಕಳೆದುಕೊಂಡವು. ಅಜ್ಜಿ ಅದನ್ನೂ ಕಣ್ಣೊರೆಸಿಕೊಂಡೇ ಹೇಳುತ್ತಿದ್ದಳು. ಪ್ಯಾರಿಸ್ಸಿನ ಮೇಜಿನ ಸುತ್ತ ಕುಳಿತವರಿಗೆ ನಾವು ಕಡತದ ಒಂದು ಹೆಸರಾಗಿದ್ದೆವು. ಇಂದು ಗಾಜಾ ಎಂಬ ಹೆಸರನ್ನೋ ಉಕ್ರೇನ್ ಎಂಬ ಹೆಸರನ್ನೋ ಓದುವಾಗ, ಅದರೊಳಗೂ ಪಾತ್ರೆ ಹೂತಿಟ್ಟು ಓಡುವ ಅಜ್ಜಿಯೊಬ್ಬಳಿರುವಳೆಂದು ನೆನೆಯದಿದ್ದರೆ ನಾವು ನಮ್ಮ ಇತಿಹಾಸವನ್ನೇ ಓದಿಲ್ಲವೆಂದು ಅರ್ಥ.

ಹೊಟ್ಟೆಯ ಮಾತೂ ಹಾಗೆಯೇ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲೆ ಶೇಕಡ 50ರಷ್ಟು ಸುಂಕ ಹೇರಿತು. ಅದೇ ತಿಂಗಳು ನಮ್ಮ ಸರಕಾರ ಹೊರದೇಶದ ಹತ್ತಿಯ ಮೇಲಿದ್ದ ಶೇಕಡ 11ರ ಆಮದು ಸುಂಕವನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. ಶಹಾಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದಾಗ ಪಕ್ಕದ ರೈತರೊಬ್ಬರು, “ಅವರಿಗೂ ಇವರಿಗೂ ಜಗಳ ಹತ್ತಿದ್ರ ನಡುವ ನಮ್ಮ ಹತ್ತಿ ಯಾಕ ಸಿಗಬೇಕ್ರಿ ಸರ?” ಎಂದು ಕೇಳಿದರು. ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಆ ಪ್ರಶ್ನೆಗೆ ಉತ್ತರವಿರಬಹುದು. ಪ್ರಶ್ನೆಯನ್ನು ಇಷ್ಟು ಚೊಕ್ಕವಾಗಿ ಅಲ್ಲಿ ಕೇಳಿರಲಾರರು.

ಮೂರನೆಯ ಚಿತ್ರ ಕನ್ನಡದ್ದೇ. 2025ರ ಅಕ್ಟೋಬರ್ 2ರಂದು ತೆರೆಕಂಡ ‘ಕಾಂತಾರ’ದ ಎರಡನೆಯ ಚಿತ್ರವನ್ನು ನೂಕುನುಗ್ಗಲಿನಲ್ಲಿ ಸಿಕ್ಕಿ ನೋಡಿದೆನು. ಅಬ್ಬರ ಹೆಚ್ಚಾಯಿತು, 2022ರ ಮೊದಲ ಚಿತ್ರದ ಮಣ್ಣಿನ ವಾಸನೆ ನನಗೆ ಹೆಚ್ಚು ಪ್ರಿಯ. ಆ ಮೊದಲ ಚಿತ್ರದಲ್ಲಿ ಕರಾವಳಿಯ ಹಳ್ಳಿಗರು ತಮ್ಮದೇ ಕನ್ನಡದಲ್ಲಿ ಮಾತನಾಡಿದರು. ಸಿಟ್ಟು, ಭಕ್ತಿ, ದುಃಖ ಎಲ್ಲವನ್ನೂ ಅದರಲ್ಲಿಯೇ ಆಡಿದರು. ಇಡೀ ದೇಶ ಕಿವಿಗೊಟ್ಟು ಕೇಳಿತು. ನಮ್ಮ ಸೀಮೆಯ ಮಾತು ಬೆಳ್ಳಿತೆರೆಯ ಮೇಲೆ ಬಂದಾಗ ಬಹುಮಟ್ಟಿಗೆ ನಗಿಸುವುದಕ್ಕೇ ಬಂದಿದೆ. ಯಾರ ಮಾತು ನಗೆಗೆ ಮಾತ್ರ ಎಂದು ರೂಢಿಯಾಗುವುದೋ, ಅವರು ಗಂಭೀರವಾದ ಪ್ರಶ್ನೆ ಕೇಳಿದಾಗಲೂ ಜನ ನಗುತ್ತಾರೆ. ನನ್ನ ತರಗತಿ ನಕ್ಕುದೂ ಹಾಗೆಯೇ. ನಕ್ಕವರೂ ಅದೇ ಮಾತನ್ನಾಡುವ ಮಕ್ಕಳು ಎಂಬುದೇ ನನ್ನ ವ್ಯಥೆ.

ಆದುದರಿಂದ ಕಟ್ಟೆಪುರಾಣವನ್ನು ಹಳಿಯುವುದನ್ನು ಬಿಟ್ಟಿದ್ದೇನೆ. ಅದರಲ್ಲಿ ಜೊಳ್ಳು ಬಹಳ. ಆದರೆ ತೂರಿದರೆ ಕಾಳೂ ಸಿಕ್ಕುತ್ತದೆ. ಒಂದು ತಾಯಿಗೆ ಅದು ಮಗನನ್ನು ಉಳಿಸಿಕೊಳ್ಳುವಷ್ಟು ಸಿಕ್ಕಿತು. ಅಧ್ಯಾಪಕರಾದ ನಾವು ಅಭಿಪ್ರಾಯಗಳನ್ನು ಹೇಳುವುದರಲ್ಲಿ ಧಾರಾಳಿಗಳು. ಹೇಳುವ ಮೊದಲು, ಕೇಳುತ್ತಿರುವವನ ಜೇಬಿನಲ್ಲಿ ಯಾವ ಚೀಟಿಯಿದೆಯೆಂದು ವಿಚಾರಿಸುವ ಪದ್ಧತಿಯನ್ನು ಬೆಳೆಸಿಕೊಂಡರೆ ಒಳಿತು.

ಆ ಹುಡುಗ ಈಗ ಊರಿನಲ್ಲಿಯೇ ಮೊಬೈಲು ದುರಸ್ತಿ ಮಾಡುವ ಪುಟ್ಟ ಅಂಗಡಿಯನ್ನಿಟ್ಟಿದ್ದಾನೆ. ಮೊನ್ನೆ ನನ್ನ ಫೋನನ್ನು ರಿಪೇರಿಗೆ ಕೊಟ್ಟಿದ್ದೆನು. ಹಣ ಬೇಡವೆಂದನು, ನಾನು ಒತ್ತಾಯಿಸಿದೆನು. ಹೊರಡುವಾಗ, “ಸರ, ಅವತ್ತು ನೀವು ಹೇಳಿದ ಕಥಿ ಪುಸ್ತಕ ಒಂದು ಕೊಡ್ರಿ, ಈಗ ಓದಾಕ ವ್ಯಾಳೆ ಅದ” ಎಂದನು. ಚೆಕಾವನ ಕಥೆಗಳನ್ನು ಕೊಡಬೇಕೆಂದಿದ್ದೇನೆ. ಈ ಸಲ ಮಾತ್ರ, ಪುಸ್ತಕ ಕೊಡುವ ಮೊದಲು, ಅಂಗಡಿಯ ಬಾಡಿಗೆ ಎಷ್ಟು, ಸಾಲ ಎಷ್ಟಿದೆ ಎಂದು ಕೇಳುವೆನು.