ಮನೆಯನ್ನು ಮಾರಬೇಕೆ?

ಮೈಸೂರಿನ ಸರಸ್ವತಿಪುರಂ ಬಡಾವಣೆಯಲ್ಲಿ ಸ್ವಂತ ಮನೆಯುಳ್ಳ ನಮ್ಮ ಮಿತ್ರರೊಬ್ಬರು ಹೋದ ತಿಂಗಳು ನಮ್ಮನ್ನು ಕರೆಸಿ ಸಲಹೆ ಕೇಳಿದರು. ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿರುವರು. ಹಳೆಯ ಮನೆಯನ್ನು ಮಾರಿ, ಹೊರವರ್ತುಲ ರಸ್ತೆಯ ಆಚೆಗೆ ಹೊಸದಾಗಿ ಎದ್ದಿರುವ ಬಡಾವಣೆಯೊಂದರಲ್ಲಿ ಇದಕ್ಕಿಂತ ವಿಸ್ತಾರವಾದ ಮನೆಯನ್ನು ಕೊಳ್ಳಬೇಕೆಂದೂ, ಮಿಕ್ಕ ಹಣವು ತಂದೆತಾಯಿಗಳ ಮುಪ್ಪಿಗೆ ಆಧಾರವಾಗುವುದೆಂದೂ ಮಕ್ಕಳ ಅಭಿಪ್ರಾಯ. ಇದು ದುರಾಸೆಯ ಮಾತಲ್ಲ. ಲೆಕ್ಕದ ಮಾತೇ ಸರಿ. ಆದರೆ ಮನೆಯ ಯಜಮಾನಿತಿಯನ್ನು ಯಾರೂ ಕೇಳಿದಂತೆ ಕಾಣಲಿಲ್ಲ.

ಆಕೆ ಕಾಫಿಯನ್ನು ತಂದಿಟ್ಟು, "ನನಗೆ ಗಾಡಿ ಓಡಿಸುವುದಕ್ಕೆ ಬಾರದು. ಇಲ್ಲಿ ನನ್ನ ಕಾಲೇ ನನ್ನ ಗಾಡಿ. ಅಲ್ಲಿಗೆ ಹೋದರೆ ಕೊತ್ತಂಬರಿ ಸೊಪ್ಪಿಗೂ ಇವರನ್ನೇ ಎಬ್ಬಿಸಬೇಕು" ಎಂದರು.

ಈ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಮನೆಯನ್ನು ಕೊಳ್ಳುವವರು ಅಡಿಗಳ ಲೆಕ್ಕವನ್ನು ನೋಡುವರೇ ಹೊರತು ಹೆಜ್ಜೆಗಳ ಲೆಕ್ಕವನ್ನು ನೋಡುವುದಿಲ್ಲ. ಸರಸ್ವತಿಪುರಂನಲ್ಲಿ ಹೆಣ್ಣುಮಕ್ಕಳ ಕಾಲೇಜುಂಟು, ಆಸ್ಪತ್ರೆಯುಂಟು, ಅಗ್ನಿಶಾಮಕ ಠಾಣೆಯುಂಟು, ವಿಶ್ವವಿದ್ಯಾನಿಲಯದ ಈಜುಕೊಳವುಂಟು. ಬೆಳಗಾದರೆ ತರಕಾರಿಯ ತಳ್ಳುಗಾಡಿ ಬಾಗಿಲಿಗೇ ಬರುವುದು. ಸಮೀಪದಲ್ಲಿಯೇ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಅದರ ಆಚೆಗೆ ಕುವೆಂಪು ಅವರು ಹೆಸರಿಟ್ಟ ಮಾನಸಗಂಗೋತ್ರಿ. ಬೇಸಾಯಕ್ಕೆ ನೀರೊದಗಿಸಲೆಂದು ಕಟ್ಟಿದ ಆ ಕೆರೆಯ ಏರಿಯ ಮೇಲೆ ಈಗ ಬೆಳಗೂ ಸಂಜೆಯೂ ಜನ ನಡೆದಾಡುವರು. ನಮ್ಮ ಮಿತ್ರರ ಪತ್ನಿಗೆ ಅಲ್ಲಿ ನಾಲ್ಕು ಮಂದಿ ಗೆಳತಿಯರಿರುವರು. ಒಂದು ದಿನ ಹೋಗದಿದ್ದರೆ ಮರುದಿನ ಯಾರಾದರೊಬ್ಬರು ಬಂದು ವಿಚಾರಿಸುವರು. ಇದಕ್ಕೆ ಯಾವ ದಲ್ಲಾಳಿಯೂ ಬೆಲೆ ಕಟ್ಟಿಲ್ಲ.

ಊರನ್ನು ಯೋಚಿಸಿ ಕಟ್ಟುವುದು ಮೈಸೂರಿಗೆ ಹೊಸತಲ್ಲ. ಪ್ಲೇಗಿನ ಹಾವಳಿಯಿಂದ ಬುದ್ಧಿ ಕಲಿತು, 1903ರಷ್ಟು ಹಿಂದೆಯೇ ಇಲ್ಲಿ ನಗರಾಭಿವೃದ್ಧಿ ಮಂಡಲಿಯನ್ನು ಸ್ಥಾಪಿಸಲಾಯಿತು. ಬೀದಿಯ ಅಗಲವೂ ಚರಂಡಿಯೂ ಮನೆಯ ಗೋಡೆಯಷ್ಟೇ ಮುಖ್ಯವೆಂಬುದನ್ನು ಅಂದಿನವರು ಅರಿತಿದ್ದರು.

ಹಾಗೆಂದು ಹಳೆಯ ಮನೆಯ ಕುಂದುಗಳನ್ನು ನಾವು ಮರೆಮಾಚಲಾರೆವು. ಪಕ್ಕದ ಹೆಂಚಿನ ಮನೆಯನ್ನು ಕೆಡವಿ ನಾಲ್ಕು ಅಂತಸ್ತು ಎತ್ತಿರುವುದರಿಂದ ಅಡುಗೆಮನೆಗೆ ಹಗಲಿನಲ್ಲಿಯೂ ದೀಪ ಬೇಕು. ಸಂಜೆಯ ವಾಹನಗಳ ಗದ್ದಲವನ್ನಂತೂ ಕೇಳುವುದೇ ಬೇಡ. ಮಲಗುವ ಕೋಣೆಯಿರುವುದು ಮಹಡಿಯ ಮೇಲೆ, ಮಿತ್ರರಿಗೋ ಮಂಡಿನೋವು. ಕಳೆದ ಮಳೆಗಾಲದಲ್ಲಿ ಬಚ್ಚಲುಮನೆಯ ನಯವಾದ ಕಲ್ಲಿನ ಮೇಲೆ ಜಾರಿ ಬಿದ್ದು ಮೂರು ವಾರ ಹಾಸಿಗೆ ಹಿಡಿದಿದ್ದರು. ಮಕ್ಕಳು ಹೆದರಿದ್ದು ಅಲ್ಲಿಂದಲೇ.

ಆದಕಾರಣ ನಾವು ಹೇಳಿದ್ದು ಇಷ್ಟೆ: ಮಲಗುವ ಕೋಣೆಯನ್ನು ಕೆಳಕ್ಕೆ ತನ್ನಿರಿ. ಬಚ್ಚಲಿಗೆ ಒರಟು ಕಲ್ಲನ್ನೂ ಗೋಡೆಗೆ ಹಿಡಿಕೆಯನ್ನೂ ಹಾಕಿಸಿರಿ. ಮಹಡಿಯನ್ನು ಬಾಡಿಗೆಗೆ ಕೊಡಿರಿ. ಕಾಲೇಜುಗಳಿರುವ ಕಡೆ ಅಧ್ಯಾಪಕರು ತಾವಾಗಿಯೇ ಕೇಳಿಕೊಂಡು ಬರುವರು. ಮುಪ್ಪಿಗೆ ಹಣವೂ ಆಯಿತು, ರಾತ್ರಿಯ ಹೊತ್ತು ಕೂಗಿದರೆ ಓಗೊಡುವವರೂ ಆದರು. ಇಷ್ಟಾದ ಮೇಲೂ ಹೊಸ ಮನೆಯ ಆಸೆ ಉಳಿದರೆ, ಅದೇ ಬಡಾವಣೆಯಲ್ಲಿ ಮೂರು ತಿಂಗಳು ಬಾಡಿಗೆಗಿದ್ದು ನೋಡಿ ಆಮೇಲೆ ಕ್ರಯಪತ್ರಕ್ಕೆ ಸಹಿ ಹಾಕಿರಿ.

ಹಿರಿಯ ಮಗನಿಗೆ ಇದು ಪೂರ್ತಿಯಾಗಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಕಳೆದ ಭಾನುವಾರ ತಾನೇ ಬಂದು, ಗಾರೆಕೆಲಸದವನನ್ನು ಕರೆದುಕೊಂಡು ಬಚ್ಚಲುಮನೆಯನ್ನು ಅಳತೆ ಮಾಡಿಸಿ ಹೋದನಂತೆ.